ಪರೀಕ್ಷಾ ವಿವರಣೆಗಳಿಂದ ಹುಟ್ಟುವ ದಾಖಲೆಯಲ್ಲಿ ಟ್ಯಾಗ್‌ಗಳನ್ನು ತೋರಿಸುವ ಬಗೆ

ತಂತ್ರಾಂಶವನ್ನು ಪರೀಕ್ಷಿಸುವ ಕುಕುಂಬರ್ ಎಂಬ ಉಪಕರಣ ಬಳಸುವ ತಂಡಗಳಲ್ಲಿ ಪರೀಕ್ಷಾ ವಿವರಣೆಗಳನ್ನು ಘರ್ಕಿನ್ ಎಂಬ ಸರಳ ಬರವಣಿಗೆಯ ಕ್ರಮದಲ್ಲಿ ಬರೆದಿಡುತ್ತಾರೆ. ಆ ಕಡತಗಳಿಂದಲೇ ವ್ಯವಹಾರ ವಿಭಾಗದವರು ಓದಬಹುದಾದ ಎಚ್‌ಟಿಎಂಎಲ್ ದಾಖಲೆಯನ್ನೂ ಹುಟ್ಟಿಸುತ್ತಾರೆ. ಹೀಗೆ ಹುಟ್ಟಿದ ದಾಖಲೆಯಲ್ಲಿ ಪಠ್ಯವೆಲ್ಲ ಸರಿಯಾಗಿ ಬಂದರೂ ಟ್ಯಾಗ್‌ಗಳ ವಿಷಯದಲ್ಲಿ ಮಾತ್ರ ಎರಡರಲ್ಲಿ ಒಂದು ತಪ್ಪು ಆಗಿಯೇ ಇರುತ್ತದೆ: ಒಂದೋ ಅವು ಅರ್ಧಂಬರ್ಧ ಕಾಣುತ್ತವೆ, ಇಲ್ಲವೇ ಯಂತ್ರಕ್ಕೆಂದು ಬರೆದ ಟ್ಯಾಗ್‌ಗಳೂ ಸೇರಿ ಪುಟದ ತುಂಬ ಚೆಲ್ಲಾಡುತ್ತವೆ. ಅಟ್ (@) ಚಿಹ್ನೆಯಿಂದ ಶುರುವಾಗುವ ಟ್ಯಾಗ್ ಎಂಬುದು ಪರೀಕ್ಷೆಯನ್ನು ಓಡಿಸುವ ಯಂತ್ರ ಮತ್ತು ದಾಖಲೆಯನ್ನು ಓದುವ ಮನುಷ್ಯ, ಈ ಇಬ್ಬರಿಗೂ ಬರೆದ ಒಂದೇ ಚೀಟಿ. ಯಾವ ಚೀಟಿ ಯಾರಿಗೆ ಎಂಬುದನ್ನು ಮೊದಲು ತೀರ್ಮಾನಿಸದೆ ಪ್ರದರ್ಶನಕ್ಕೆ ಕೈಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಘರ್ಕಿನ್ ಎಂದರೆ ಮಿಡಿಸೌತೆ. ನಮ್ಮಲ್ಲಿ ರೈತರು ರಫ್ತಿಗೆಂದು ಬೆಳೆಯುವ ಅದೇ ಕಾಯಿ. ಭಾರತದಲ್ಲಿ ಈ ಬೆಳೆಯ ರಫ್ತು ಮೊದಲಾದದ್ದು 1990ರ ದಶಕದ ಆರಂಭದಲ್ಲಿ, ಕರ್ನಾಟಕದಿಂದಲೇ. ಕುಕುಂಬರ್ ಕಟ್ಟಿದವರು ಈ ಹಾಸ್ಯವನ್ನು ಕೊನೆಯವರೆಗೂ ಎಳೆದಿದ್ದಾರೆ. ಘರ್ಕಿನ್ ಕಡತವನ್ನು ಪಾರ್ಸರ್, ಅಂದರೆ ಅದನ್ನು ಓದಿ ಬಿಡಿಸುವ ಭಾಗ, ಅರೆದು ಕೊಡುವ, ಓಡಿಸಲು ಸಿದ್ಧವಾದ ಒಂದೊಂದು ಪರೀಕ್ಷಾ ತುಣುಕಿಗೂ ‘ಪಿಕಲ್’, ಅಂದರೆ ಉಪ್ಪಿನಕಾಯಿ, ಎಂದು ಹೆಸರು. ಈ ಹೆಸರನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಹೇಳುವ ವಿಷಯದ ಗಂಟೆಲ್ಲ ಇದರಲ್ಲೇ ಇದೆ.

ಘರ್ಕಿನ್ ಕನ್ನಡದಲ್ಲೂ ಬರೆಯಲು ಬರುತ್ತದೆ. ಕಡತದ ಮೊದಲ ಸಾಲಿನಲ್ಲಿ ಹ್ಯಾಷ್ ಚಿಹ್ನೆ, ನಂತರ ಲ್ಯಾಂಗ್ವೇಜ್ ಎಂಬ ಇಂಗ್ಲಿಷ್ ಪದ, ಕೋಲನ್, ಆಮೇಲೆ ಕೆ ಮತ್ತು ಎನ್ ಎಂಬ ಎರಡು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಬರೆದರೆ ಪಾರ್ಸರ್ ಕನ್ನಡದ ಕೀಲಿಪದಗಳನ್ನು ಗುರುತಿಸುತ್ತದೆ. ಬಸ್ಸಿನ ಮುಂಗಡ ಟಿಕೆಟ್ ವ್ಯವಸ್ಥೆಯೊಂದಕ್ಕೆ ಬರೆದ ಈ ಮಾದರಿಯನ್ನು ನೋಡಿ. ಲೇಖನದುದ್ದಕ್ಕೂ ಇದನ್ನೇ ಬಳಸುತ್ತೇನೆ.

@ಟಿಕೆಟ್ @ಹೊಣೆ:ಪಾವತಿ_ತಂಡ
ಹೆಚ್ಚಳ: ಮುಂಗಡ ಟಿಕೆಟ್ ರದ್ದತಿ

  @ಮರುಪಾವತಿ @ದೋಷ:412
  ವಿವರಣೆ: ಹೊರಡುವ ಮೊದಲು ರದ್ದು ಮಾಡಿದರೆ ಹಣ ಮರಳುತ್ತದೆ
    ನೀಡಿದ ಪ್ರಯಾಣಿಕರ ಬಳಿ 600 ರೂಪಾಯಿಯ ಟಿಕೆಟ್ ಇದೆ
    * ಬಸ್ಸು ಹೊರಡಲು <ಗಂಟೆ> ಗಂಟೆ ಇರುವಾಗ ಅವರು ಅದನ್ನು ರದ್ದು ಮಾಡುತ್ತಾರೆ
    ನಂತರ ಅವರ ಖಾತೆಗೆ <ಮೊತ್ತ> ರೂಪಾಯಿ ಜಮೆಯಾಗುತ್ತದೆ

    ಉದಾಹರಣೆಗಳು:
      | ಗಂಟೆ | ಮೊತ್ತ |
      | 48 | 540 |
      | 5 | 300 |

    @ಹಬ್ಬದ_ದರ @ಸರ್ವರ್2
    ಉದಾಹರಣೆಗಳು:
      | ಗಂಟೆ | ಮೊತ್ತ |
      | 48 | 450 |

ಫೀಚರ್ ಎಂಬುದಕ್ಕೆ ‘ಹೆಚ್ಚಳ’ ಎಂಬ ಪದವನ್ನು ಯಾರು ಆರಿಸಿದರೋ, ಸಂಬಳದ ನೆನಪಾಗುವುದಂತೂ ನಿಜ. ವೆನ್ ಎಂಬುದಕ್ಕೆ ಕೊಟ್ಟಿರುವ ‘ಸ್ಥಿತಿಯನ್ನು’ ಎಂಬ ಕೀಲಿಪದ ಕನ್ನಡದ ಯಾವ ವಾಕ್ಯದ ತಲೆಯಲ್ಲೂ ಸರಿಯಾಗಿ ಕೂರುವುದಿಲ್ಲವಾದ್ದರಿಂದ ನಾನು ಅದರ ಬದಲು ನಕ್ಷತ್ರ ಚಿಹ್ನೆಯನ್ನು ಹಾಕಿದ್ದೇನೆ; ಎಲ್ಲ ಭಾಷೆಗಳಲ್ಲೂ ಅದು ಒಪ್ಪಿತವೇ. ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ‘ವಿವರಣೆ’ ಎಂಬುದು ಸಿನೇರಿಯೊ ಔಟ್‌ಲೈನ್‌ನ, ಅಂದರೆ ಉದಾಹರಣೆ ಕೋಷ್ಟಕದ ಸಾಲಿಗೊಮ್ಮೆ ಓಡುವ ಪರೀಕ್ಷೆಯ, ಕೀಲಿಪದ. ಹೆಚ್ಚಳದ ಶೀರ್ಷಿಕೆಯ ಕೆಳಗೆ ಟಿಪ್ಪಣಿ ಬರೆಯುವಾಗ ಅಭ್ಯಾಸಬಲದಿಂದ ‘ವಿವರಣೆ’ ಎಂದು ಬರೆದು ಕೋಲನ್ ಹಾಕಿದರೆ ಪಾರ್ಸರ್ ಅದನ್ನು ಹೊಸ ಪರೀಕ್ಷೆಯೆಂದೇ ತಿಳಿಯುತ್ತದೆ.

ಮೊದಲ ಕೆಲಸ ವಿಂಗಡಣೆ. ಯೋಜನೆಯಲ್ಲಿರುವ ಟ್ಯಾಗ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಎದುರಿಗೂ ‘ಇದನ್ನು ನೋಡಿದರೆ ಓದುಗನಿಗೆ ಏನು ತಿಳಿಯುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕು. ಮರುಪಾವತಿ, ಹಬ್ಬದ_ದರ ಎಂಬವು ವಿಷಯವನ್ನು ಹೇಳುತ್ತವೆ. ಹೊಣೆ ಯಾರದ್ದು, ಯಾವ ದೋಷದಿಂದ ಈ ಪರೀಕ್ಷೆ ಹುಟ್ಟಿತು ಎಂಬುದೂ ಓದುಗನಿಗೆ ಬೇಕಾದದ್ದೇ. ಆದರೆ ಸರ್ವರ್2 ಎಂಬುದು ಪರೀಕ್ಷೆ ಯಾವ ಯಂತ್ರದಲ್ಲಿ ಓಡಬೇಕೆಂದು ಸೂಚಿಸುವ ಟ್ಯಾಗ್. ಟಿಕೆಟ್ ರದ್ದತಿಯ ನಿಯಮ ತಿಳಿಯಲು ಬಂದವರಿಗೆ ಅದರಿಂದ ಗೊಂದಲವಷ್ಟೇ. ಉತ್ತರ ಬರೆಯಲಾಗದ ಟ್ಯಾಗ್ ಪ್ರದರ್ಶನಕ್ಕೆ ಬೇಡ. ಮೂರು ವರ್ಷ ಹಳೆಯ ಯೋಜನೆಯಲ್ಲಿ ಈ ವಿಂಗಡಣೆಗೆ ಕುಳಿತರೆ, ಯಾರೂ ಬಳಸದ, ಯಾರು ಬರೆದರೆಂದೂ ಗೊತ್ತಿಲ್ಲದ ಟ್ಯಾಗ್‌ಗಳೂ ಸಿಗುತ್ತವೆ. ಅವನ್ನು ಬಚ್ಚಿಡುವ ಬದಲು ಅಳಿಸಿಬಿಡುವುದು ಲೇಸು.

ಎರಡನೆಯದು, ದಾಖಲೆಗೆ ಬೇಕಾದ ಮಾಹಿತಿಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ. ಕಡತವನ್ನು ಸಾಲುಸಾಲಾಗಿ ಓದಿ, ಅಟ್ ಚಿಹ್ನೆ ಕಂಡಲ್ಲೆಲ್ಲ ಟ್ಯಾಗ್ ಎಂದು ಎತ್ತಿಕೊಳ್ಳುವ ಸ್ಕ್ರಿಪ್ಟ್ ಬರೆಯಲು ಅರ್ಧ ಗಂಟೆ ಸಾಕು, ಆದರೆ ಬರೆಯಬೇಡಿ. ಹಂತದೊಳಗೆ ಮಿಂಚಂಚೆ ವಿಳಾಸವೊಂದು ಬಂದ ದಿನ ಅದೂ ಟ್ಯಾಗ್ ಆಗಿಬಿಡುತ್ತದೆ. ಕುಕುಂಬರ್ ತಾನೇ ಮೆಸೇಜ್ ಎಂಬ ರೂಪದಲ್ಲಿ ಎಲ್ಲವನ್ನೂ ಹೊರಹಾಕುತ್ತದೆ: ಹೀಗೆ ಹೊರಬಂದ ಕಡತದ ಒಂದೊಂದು ಸಾಲಿನಲ್ಲೂ ಒಂದೊಂದು ಜೇಸನ್ ವಸ್ತು, ಅಂದರೆ ಯಂತ್ರ ಓದಬಲ್ಲ ಮಾಹಿತಿಯ ತುಣುಕು. ಡ್ರೈ ರನ್ ಆಯ್ಕೆಯನ್ನು ಜೊತೆಗೆ ಕೊಟ್ಟರೆ ಪರೀಕ್ಷೆಗಳು ನಿಜವಾಗಿ ಓಡದೆಯೇ ಈ ಮಾಹಿತಿ ಸಿಗುವುದರಿಂದ, ದಾಖಲೆಗಾಗಿ ಪರೀಕ್ಷಾ ಸರ್ವರನ್ನು ಎಬ್ಬಿಸುವ ಅಗತ್ಯವೂ ಇಲ್ಲ.

ಈ ಸಾಲುಗಳಲ್ಲಿ ನಮಗೆ ಬೇಕಾದವು ಎರಡು ಬಗೆಯವು. ಒಂದು ಘರ್ಕಿನ್ ಡಾಕ್ಯುಮೆಂಟ್; ಇದು ಕಡತದಲ್ಲಿ ಬರೆದದ್ದನ್ನು ಬರೆದ ಜಾಗದಲ್ಲೇ ತೋರಿಸುವ ಮರ. ಇನ್ನೊಂದು ಪಿಕಲ್. ಘರ್ಕಿನ್‌ನಲ್ಲಿ ಟ್ಯಾಗ್‌ಗಳು ಮೇಲಿನಿಂದ ಕೆಳಗೆ ಇಳಿದು ಬರುತ್ತವೆ: ಹೆಚ್ಚಳದ ಮೇಲಿನ ಟ್ಯಾಗ್ ಅದರೊಳಗಿನ ರೂಲ್ (ಪರೀಕ್ಷೆಗಳ ಗುಂಪು), ಕಥಾಸಾರಾಂಶ (ಕೋಷ್ಟಕವಿಲ್ಲದ ಒಂಟಿ ಪರೀಕ್ಷೆ), ವಿವರಣೆ, ಉದಾಹರಣೆ ಕೋಷ್ಟಕ ಎಲ್ಲಕ್ಕೂ ಅನ್ವಯಿಸುತ್ತದೆ, ವಿವರಣೆಯ ಮೇಲಿನದು ಅದರ ಕೋಷ್ಟಕಗಳಿಗೆ ಅನ್ವಯಿಸುತ್ತದೆ. ಹಿನ್ನೆಲೆಯ (ಪ್ರತಿ ಪರೀಕ್ಷೆಗೂ ಮೊದಲು ಓಡುವ ಸಾಮಾನ್ಯ ಹಂತಗಳ) ಮೇಲಾಗಲಿ ಬಿಡಿ ಹಂತಗಳ ಮೇಲಾಗಲಿ ಟ್ಯಾಗ್ ಬರೆಯುವಂತಿಲ್ಲ. ನಮ್ಮ ಮಾದರಿಯಿಂದ ಮೂರು ಪಿಕಲ್‌ಗಳು ಹುಟ್ಟುತ್ತವೆ, ಕೋಷ್ಟಕದ ಸಾಲಿಗೊಂದು. ಮೊದಲೆರಡಕ್ಕೆ ತಲಾ ನಾಲ್ಕು ಟ್ಯಾಗ್, ಮೂರನೆಯದಕ್ಕೆ ಆರು. ಡಾಕ್ಯುಮೆಂಟ್ ಮಾತ್ರ ಓದುವ ದಾಖಲೆಗಾರ ತಂತ್ರಾಂಶಕ್ಕೆ ಈ ಇಳಿದು ಬಂದ ಟ್ಯಾಗ್‌ಗಳು ಗೊತ್ತೇ ಆಗುವುದಿಲ್ಲ. ಪಿಕಲ್ ಮಾತ್ರ ಓದುವ ತಂತ್ರಾಂಶವು ಆರನ್ನೂ ಒಂದೇ ಸಾಲಿನಲ್ಲಿ ಸುರಿಯುತ್ತದೆ; ಯಾವುದು ಸ್ವಂತದ್ದು, ಯಾವುದು ಮೇಲಿನಿಂದ ಬಂದದ್ದು ಎಂಬ ವಿವೇಕ ಅದಕ್ಕೆ ಇರುವುದಿಲ್ಲ.

ಎರಡನ್ನೂ ಜೋಡಿಸುವ ಕೊಂಡಿ ಮೆಸೇಜ್‌ನಲ್ಲೇ ಇದೆ. ಪಿಕಲ್‌ನ ಪ್ರತಿ ಟ್ಯಾಗ್‌ನ ಜೊತೆಗೂ ಹೆಸರಲ್ಲದೆ, ಅದು ಡಾಕ್ಯುಮೆಂಟ್‌ನ ಯಾವ ಟ್ಯಾಗ್‌ನಿಂದ ಬಂತು ಎಂಬ ಗುರುತಿನ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು ಹಿಡಿದು ಮರದಲ್ಲಿ ಹುಡುಕಿದರೆ ಅದು ಹೆಚ್ಚಳದ ಮೇಲೆ ಬರೆದದ್ದೋ, ವಿವರಣೆಯದ್ದೋ, ಕೋಷ್ಟಕದ್ದೋ ಎಂದು ತಿಳಿಯುತ್ತದೆ. ನಾನು ಅನುಸರಿಸುವ ಕ್ರಮ ಹೀಗಿದೆ: ಸ್ವಂತ ಟ್ಯಾಗ್‌ಗಳನ್ನು ಬಣ್ಣ ತುಂಬಿದ ಬಿಲ್ಲೆಗಳಾಗಿ ಶೀರ್ಷಿಕೆಯ ಮೇಲೆಯೇ ಇಡುತ್ತೇನೆ, ಇಳಿದು ಬಂದವನ್ನು ಬರೀ ಗೆರೆಯ ಅಂಚಿನ ತೆಳು ಬಿಲ್ಲೆಗಳಾಗಿ ಅವುಗಳ ಬಲಕ್ಕೆ ಇಡುತ್ತೇನೆ. ಉದ್ದನೆಯ ಪುಟದಲ್ಲಿ ಹೆಚ್ಚಳದ ಶೀರ್ಷಿಕೆ ಮೇಲೆಲ್ಲೋ ಸರಿದುಹೋಗಿರುವಾಗ, ಹುಡುಕಾಟದಿಂದ ನೇರವಾಗಿ ಕೆಳಗಿನ ಪರೀಕ್ಷೆಗೆ ಬಂದಿಳಿದ ಓದುಗನಿಗೆ ಹೊಣೆ ಯಾವ ತಂಡದ್ದೆಂದು ತಿಳಿಯಲು ಇದೊಂದೇ ದಾರಿ. ಉದಾಹರಣೆ ಕೋಷ್ಟಕದ ಬಿಲ್ಲೆಗಳನ್ನು ಆ ಕೋಷ್ಟಕಕ್ಕೆ ಅಂಟಿಸಿಯೇ ತೋರಿಸಬೇಕು. ಹಬ್ಬದ_ದರ ಎಂಬುದು ವಿವರಣೆಯ ತಲೆಗೆ ಏರಿದರೆ, 540 ರೂಪಾಯಿ ಮರಳುವುದು ಹಬ್ಬದ ದಿನವೂ ನಿಜವೆಂದು ಓದುಗ ನಂಬುತ್ತಾನೆ.

ಕನ್ನಡದ ಟ್ಯಾಗ್‌ಗಳಾದರೆ ಬಿಲ್ಲೆಯ ರೂಪದಲ್ಲೂ ಸ್ವಲ್ಪ ಕೆಲಸವಿದೆ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸಗಳಲ್ಲಿ ಬಿಲ್ಲೆಯ ಎತ್ತರವನ್ನು ಬಿಗಿಯಾಗಿ ಕಟ್ಟಿ, ಹೊರಗೆ ಚಾಚಿದ್ದನ್ನು ಕತ್ತರಿಸುವಂತೆ ಮಾಡಿರುತ್ತಾರೆ. ‘ಹಬ್ಬ’ದ ಬ ಒತ್ತು ಅರ್ಧಕ್ಕೇ ತುಂಡಾಗಿ ಕಾಣುವುದು ಇದರಿಂದಲೇ. ನಿಗದಿತ ಎತ್ತರವನ್ನು ತೆಗೆದುಹಾಕಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಷ್ಟಾದರೂ ಇಟ್ಟು, ಫಾಂಟ್‌ಗಳ ಪಟ್ಟಿಯಲ್ಲಿ ನೋಟೊ ಸ್ಯಾನ್ಸ್ ಕನ್ನಡದಂಥ ಒಂದನ್ನು ಸೇರಿಸಿದರೆ ಸಾಕು.

ಇದಕ್ಕಿಂತ ಕಾಣದ ತೊಂದರೆ ಇನ್ನೊಂದಿದೆ. ಹಿಂದೆ ನಾನಿದ್ದ ತಂಡವೊಂದರ ದಾಖಲೆಯ ಟ್ಯಾಗ್ ಸೂಚಿಯಲ್ಲಿ ‘ರಿಗ್ರೆಷನ್’ ಎಂಬುದು ಎರಡು ಸಾಲಿನಲ್ಲಿ, ಎರಡು ಬೇರೆ ಸಂಖ್ಯೆಗಳೊಡನೆ ಕಾಣಿಸುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಒಂದು ಮಧ್ಯಾಹ್ನವನ್ನೆಲ್ಲ ಸೂಚಿಯ ಕೋಡ್ ತಿದ್ದುವುದರಲ್ಲೇ ಕಳೆದ ಮೇಲೆ, ಕೊನೆಗೆ ಅಕ್ಷರಗಳ ಯೂನಿಕೋಡ್ ಸಂಖ್ಯೆಗಳನ್ನು ಮುದ್ರಿಸಿ ನೋಡಿದಾಗ ಒಂದರ ಕೊನೆಯಲ್ಲಿ ಅಗೋಚರವಾದ ಜೋಡಣೆ ತಡೆಯ ಅಕ್ಷರವೊಂದು ಕುಳಿತಿತ್ತು. ಯಾರದ್ದೋ ಕೀಲಿಮಣೆ ಅರ್ಧಾಕ್ಷರದ ನಂತರ ಅದನ್ನು ತಾನಾಗಿಯೇ ಸೇರಿಸಿತ್ತು. ಕುಕುಂಬರ್‌ಗೆ ಅವು ಬೇರೆಬೇರೆ ಟ್ಯಾಗ್‌ಗಳೇ ಆಗಿದ್ದರಿಂದ, ಅಷ್ಟು ಪರೀಕ್ಷೆಗಳು ರಾತ್ರಿಯ ಓಟದಲ್ಲಿ ಸೇರದೆ ಹೊರಗೇ ಉಳಿದಿದ್ದವು. ದೀರ್ಘಸ್ವರಗಳದ್ದೂ ಇದೇ ಕಥೆ: ‘ಕೋ’ದಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಎರಡನೆಯದನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪಕ್ಕೆ, ತಂದರೆ ಸರಿಹೋಗುತ್ತದೆ. ಅಗೋಚರ ಅಕ್ಷರವನ್ನು ಮಾತ್ರ ಎನ್‌ಎಫ್‌ಸಿ ತೆಗೆಯುವುದಿಲ್ಲ. ದಾಖಲೆಯಲ್ಲಿ ಇವನ್ನು ಸದ್ದಿಲ್ಲದೆ ಒಂದಾಗಿಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಓಟದಲ್ಲಿ ಅವು ಬೇರೆಯಾಗಿಯೇ ಉಳಿದಿರುತ್ತವೆ. ಹೋಲಿಕೆಗೆ ಮಾತ್ರ ಶುದ್ಧಗೊಳಿಸಿದ ರೂಪವನ್ನು ಬಳಸಿ, ಒಂದೇ ರೂಪಕ್ಕೆ ಎರಡು ಮೂಲ ಹೆಸರುಗಳು ಕಂಡುಬಂದರೆ ದಾಖಲೆಯ ನಿರ್ಮಾಣವನ್ನೇ ನಿಲ್ಲಿಸಿ, ಕಡತ ಮತ್ತು ಸಾಲಿನ ಸಂಖ್ಯೆಯೊಡನೆ ದೋಷ ತೋರಿಸುವುದು ಸರಿಯಾದ ಕ್ರಮ.

ಪ್ರತಿ ಬಿಲ್ಲೆಯನ್ನೂ ಟ್ಯಾಗ್ ಸೂಚಿಯ ಪುಟಕ್ಕೆ ಕೊಂಡಿಯಾಗಿಸಿ. ಕೊಂಡಿಯ ವಿಳಾಸದಲ್ಲಿ ಟ್ಯಾಗ್‌ನ ಹೆಸರನ್ನು ಹಾಕದೆ ಕ್ರಮಸಂಖ್ಯೆಯನ್ನು ಹಾಕುವುದು ಅನುಕೂಲ: ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗಿ, ವಿಳಾಸದಲ್ಲಿ ಒಂಬತ್ತು ಅಕ್ಷರಗಳಷ್ಟು ಉದ್ದವಾಗುತ್ತದೆ; ಅಂಥ ಕೊಂಡಿಯನ್ನು ಮಿಂಚಂಚೆಯಲ್ಲಿ ಕಳಿಸಿದರೆ ನೋಡುವ ಹಾಗಿರುವುದಿಲ್ಲ. ಸೂಚಿಯನ್ನು ಅಕಾರಾದಿಯಾಗಿ ಜೋಡಿಸುವಾಗ ಬರೀ ಸಂಕೇತಗಳ ಕ್ರಮವನ್ನು ನಂಬಬಾರದು. ಯೂನಿಕೋಡ್‌ನಲ್ಲಿ ಳಕಾರವು ವಕಾರಕ್ಕಿಂತ ಮೊದಲು ಕುಳಿತಿರುವುದರಿಂದ ‘ಹಳೆಯ_ದರ’ವು ‘ಹವಾಮಾನ’ಕ್ಕಿಂತ ಮೇಲೆ ಬಂದುಬಿಡುತ್ತದೆ. ಜಾವಾಸ್ಕ್ರಿಪ್ಟ್ ಆದರೆ, ಕನ್ನಡ ಭಾಷೆಯ ಸಂಕೇತವನ್ನು ಕೊಟ್ಟು ಹೋಲಿಸುವ ಸೌಲಭ್ಯವನ್ನೇ ಬಳಸಬೇಕು.

ಸ್ವಂತವಾಗಿ ಇಷ್ಟನ್ನು ಕಟ್ಟುವ ಪುರುಸೊತ್ತಿಲ್ಲದವರಿಗೆ ಸಿದ್ಧ ಉಪಕರಣಗಳಿವೆ. ಕುಕುಂಬರ್‌ನದೇ ಎಚ್‌ಟಿಎಂಎಲ್ ವರದಿ ಟ್ಯಾಗ್‌ಗಳನ್ನು ತೋರಿಸುತ್ತದೆ, ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಟ್ಯಾಗ್ ಸೂತ್ರವನ್ನೂ ಒಪ್ಪುತ್ತದೆ. ಟ್ಯಾಗ್ ಕನ್ನಡದ್ದಾದರೂ ಸೂತ್ರದ ಆಂಡ್, ಆರ್, ನಾಟ್ ಪದಗಳು ಇಂಗ್ಲಿಷಿನಲ್ಲೇ ಇರಬೇಕು. ಪರೀಕ್ಷಾ ವರದಿ ತಯಾರಿಸುವ ಸೆರೆನಿಟಿ ಎಂಬ ಉಪಕರಣವು ಕೋಲನ್ ಇರುವ ಟ್ಯಾಗನ್ನು ಬಗೆ ಮತ್ತು ಹೆಸರು ಎಂದು ಎರಡಾಗಿ ಒಡೆದು ವರದಿಯಲ್ಲಿ ಗುಂಪು ಮಾಡುತ್ತದೆ. ನಮ್ಮ ಮಾದರಿಯ ‘ಹೊಣೆ:ಪಾವತಿ_ತಂಡ’ ಎಂಬ ಬರವಣಿಗೆ ಅಲ್ಲಿ ಕೆಲಸಕ್ಕೆ ಬರುವಂಥದ್ದು. ಡಾಟ್‌ನೆಟ್ ಲೋಕದ ಪಿಕಲ್ಸ್ ಎಂಬ ದಾಖಲೆ ಉಪಕರಣದಲ್ಲಿ (ಮೇಲೆ ಹೇಳಿದ ಪಿಕಲ್‌ಗಳಿಗಿಂತ ಇದು ಬೇರೆ) ಟ್ಯಾಗ್‌ಗಳನ್ನು ಬಚ್ಚಿಡುವ ಆಯ್ಕೆ ಬೇರೆ, ಹೊರಗಿಡುವ ಆಯ್ಕೆ ಬೇರೆ. ಮೊದಲನೆಯದು ಬಿಲ್ಲೆಯನ್ನಷ್ಟೇ ಮರೆಮಾಡುತ್ತದೆ. ಎರಡನೆಯದು ಆ ಟ್ಯಾಗ್ ಇರುವ ಪರೀಕ್ಷೆಯನ್ನೇ ದಾಖಲೆಯಿಂದ ತೆಗೆದುಹಾಕುತ್ತದೆ. ಸರ್ವರ್2ನ್ನು ಮರೆಮಾಡಲು ಹೋಗಿ ಎರಡನೆಯ ಆಯ್ಕೆಯನ್ನು ಬಳಸಿದರೆ ಪರೀಕ್ಷೆಯೇ ಕಾಣೆಯಾಗುತ್ತದೆ, ಮತ್ತು ಇಲ್ಲದಿರುವುದನ್ನು ಯಾರೂ ಗಮನಿಸುವುದಿಲ್ಲ.

ದಾಖಲೆ ಸಿದ್ಧವಾದ ಮೇಲೆ ಸೂಚಿಯ ಒಂದೆರಡು ಟ್ಯಾಗ್‌ಗಳನ್ನು ಆರಿಸಿಕೊಂಡು, ಅದೇ ಟ್ಯಾಗ್‌ಗೆ ಕುಕುಂಬರನ್ನು ಡ್ರೈ ರನ್ ಮಾಡಿ ಎಣಿಕೆಯನ್ನು ಹೋಲಿಸಿ ನೋಡಿ. ನಮ್ಮ ಮಾದರಿಯಲ್ಲಿ ಹಬ್ಬದ_ದರಕ್ಕೆ ಒಂದು, ಮರುಪಾವತಿಗೆ ಮೂರು ಬರಬೇಕು. ಮರುಪಾವತಿಯ ಎದುರು ಸೂಚಿಯಲ್ಲಿ ಒಂದು ಎಂದಿದ್ದರೆ ನಿಮ್ಮ ದಾಖಲೆಗಾರ ತಂತ್ರಾಂಶ ಪಿಕಲ್‌ಗಳ ಬದಲು ಕಡತದ ಸಾಲುಗಳನ್ನೇ ಎಣಿಸುತ್ತಿದೆ ಎಂದರ್ಥ. ಮೆಸೇಜ್ ಓದುವ ಭಾಗಕ್ಕೆ ಹಿಂತಿರುಗಿ, ಎಣಿಕೆಯನ್ನು ಅಲ್ಲಿ ಸರಿಪಡಿಸಬೇಕು.