ಹಳೇ ಹಾಲಿವುಡ್‌ನಲ್ಲಿ ನಮ್ಮವರನ್ನು ಹುಡುಕೋದು ಹೇಗೆ?

ಹಳೇ ಕಪ್ಪು-ಬಿಳುಪು ಹಾಲಿವುಡ್ ಸಿನಿಮಾಗಳಲ್ಲಿ ಗೇ, ಲೆಸ್ಬಿಯನ್ ಪಾತ್ರಗಳು ಇದ್ದವಾ ಅಂತ ಹುಡುಗರು ನನ್ನನ್ನು ಕೇಳುತ್ತಿರುತ್ತಾರೆ. ಬೇಕಾದಷ್ಟಿವೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ನಾನೂ ಗೇ. ಎದುರಿಗಿರುವವರು ಆಡುವ ಮಾತಿಗಿಂತ ಅವರ ಕಣ್ಣು, ಕೈ ಗಮನಿಸುವ ಅಭ್ಯಾಸ ಕಾಲೇಜಿನಲ್ಲೇ ಬಂದುಬಿಟ್ಟಿತ್ತು. ಈ ಸಿನಿಮಾಗಳಿಗೂ ಅದೇ ಕಣ್ಣು ಸಾಕು.

ಮೊದಲು ಸಿನಿಮಾ ಬಂದ ವರ್ಷ ನೋಡಿ. ಹಾಲಿವುಡ್‌ನ ನಿರ್ಮಾಪಕರು 1930ರಲ್ಲೇ ಸಿನಿಮಾದಲ್ಲಿ ಏನು ತೋರಿಸಬಹುದು, ಏನು ತೋರಿಸಬಾರದು ಅಂತ ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡಿದ್ದರು. ಅದು ಬಿಗಿಯಾಗಿದ್ದು 1934ರ ಮಧ್ಯದಲ್ಲಿ, ಅದನ್ನು ಜಾರಿ ಮಾಡುವ ಕಚೇರಿಯ ಅಧಿಕಾರ ಜೋಸೆಫ್ ಬ್ರೀನ್ ಕೈಗೆ ಬಂದ ಮೇಲೆ. ಅಲ್ಲಿಂದ 1961ರವರೆಗೆ ಈ ವಿಷಯದ ಸುಳಿವು ಕೊಡುವುದಕ್ಕೂ ಅನುಮತಿ ಇರಲಿಲ್ಲ.

ಬಿಗಿಯಾಗುವ ಮುಂಚಿನದಕ್ಕೆ ‘ಮೊರಾಕೊ’ (1930) ನೋಡಿ. ಮಾರ್ಲೀನ್ ಡೀಟ್ರಿಚ್ ಗಂಡಸರ ಸೂಟು, ಎತ್ತರದ ಟೋಪಿ ಹಾಕಿಕೊಂಡು ಕ್ಲಬ್ಬಿನಲ್ಲಿ ಹಾಡುತ್ತಾಳೆ. ಹಾಡು ಮುಗಿದ ಮೇಲೆ ಒಬ್ಬ ಹೆಂಗಸಿನ ಹೂವು ತೆಗೆದುಕೊಳ್ಳುತ್ತಾಳೆ, ಬಗ್ಗಿ ಅವಳ ತುಟಿಗೆ ಮುತ್ತು ಕೊಡುತ್ತಾಳೆ. ಆಮೇಲೆ ಆ ಹೂವನ್ನು ಗ್ಯಾರಿ ಕೂಪರ್‌ಗೆ ಎಸೆಯುತ್ತಾಳೆ. ಜಾಣತನ ಇರುವುದು ಇಲ್ಲೇ. ಮುತ್ತಿಗೆ ಕತ್ತರಿ ಹಾಕಿದರೆ ನಾಯಕನ ಕೈಗೆ ಹೂವು ಎಲ್ಲಿಂದ ಬಂತು ಅನ್ನೋದೇ ಗೊತ್ತಾಗುವುದಿಲ್ಲ, ಅಲ್ವಾ?

1934ರ ನಂತರದವುಗಳಲ್ಲಿ ಸಂಭಾಷಣೆಯ ಹಿಂದೆ ಬೀಳಬೇಡಿ, ವಸ್ತುಗಳ ಮೇಲೆ ಕಣ್ಣಿಡಿ. ‘ರೆಬೆಕ್ಕಾ’ (1940) ಇದಕ್ಕೆ ಒಳ್ಳೆ ಪಾಠ. ಹಿಚ್‌ಕಾಕ್ ಸಿನಿಮಾ. ಮನೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್, ಸತ್ತುಹೋದ ಯಜಮಾನಿಯ ಕೋಣೆಯನ್ನು ಹೊಸ ಹೆಂಡತಿಗೆ ತೋರಿಸುತ್ತಾಳೆ. ಬೀರುವಿನಿಂದ ತುಪ್ಪಳದ ಕೋಟು ತೆಗೆದು ಕೆನ್ನೆಗೆ ಸವರುತ್ತಾಳೆ. ಸನ್ಯಾಸಿನಿಯರು ಹೊಲಿದ ಒಳಉಡುಪು ತೋರಿಸುತ್ತಾಳೆ. ಕೊನೆಗೆ ರಾತ್ರಿ ಉಡುಪಿನೊಳಗೆ ಕೈ ತೂರಿಸಿ, ಬಟ್ಟೆ ಎಷ್ಟು ತೆಳು, ನನ್ನ ಕೈ ಕಾಣುತ್ತಿದೆ ನೋಡಿ ಅನ್ನುತ್ತಾಳೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನಮ್ಮಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ತಲೆ ಎತ್ತಿ, “ಇವಳಿಗೆ ಆ ಸತ್ತವಳ ಮೇಲೆ ಬರೀ ಯಜಮಾನಿ ಅನ್ನೋ ಅಕ್ಕರೆ ಅಲ್ಲ ಕಣೋ” ಅಂದರು. ಬ್ರೀನ್ ಕಚೇರಿಗೂ ಇದೇ ಅನುಮಾನ ಬಂದಿತ್ತು, ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಆದರೂ ದೃಶ್ಯ ಉಳಿಯಿತು. ಅಲ್ಲಿ ಇರುವುದು ಬಟ್ಟೆ, ಕೈ ಎರಡೇ. ಯಾವುದನ್ನು ಅಂತ ಕತ್ತರಿಸುತ್ತಾರೆ?

‘ದಿ ಮಾಲ್ಟೀಸ್ ಫಾಲ್ಕನ್’ನಲ್ಲಿ (1941) ಆ ಕೆಲಸ ವಾಸನೆಯದು. ಪತ್ತೇದಾರನ ಕಚೇರಿಯೊಳಗೆ ಜೋಯೆಲ್ ಕೈರೊ ಅನ್ನುವವನು ಬರುವ ಮುಂಚೆಯೇ ಅವನ ವಿಸಿಟಿಂಗ್ ಕಾರ್ಡ್ ಬರುತ್ತದೆ, ಅದರಲ್ಲಿ ಗಾರ್ಡೇನಿಯಾ ಹೂವಿನ ಸೆಂಟು. ಮೂಲ ಕಾದಂಬರಿಯಲ್ಲಿ ಪತ್ತೇದಾರನ ಸೆಕ್ರೆಟರಿ ಇವನು ಗೇ ಅಂತ ನೇರವಾಗಿ ಹೇಳಿಬಿಡುವುದನ್ನು ಇಲ್ಲಿ ಕಾರ್ಡ್ ಹೇಳುತ್ತದೆ. ‘ರೋಪ್’ (1948) ನೋಡುವಾಗ ಕೊಲೆ ಆದ ತಕ್ಷಣದ ಕ್ಷಣಗಳನ್ನು ಗಮನಿಸಿ. ಒಂದೇ ಮನೆಯಲ್ಲಿರುವ ಇಬ್ಬರು ಗೆಳೆಯರು, ಎಳೆದ ಪರದೆ, ಏದುಸಿರು, ಒಂದು ಸಿಗರೇಟು. ಜಾಸ್ತಿ ವಿವರಿಸಬೇಕಿಲ್ಲ.

ಒಂದು ವಾರಾಂತ್ಯ ಪೂರ್ತಿ ಬಿಡುವಿದ್ದರೆ ಜೋಡಿ ಹಾಕಿ ನೋಡಿ. ಲಿಲಿಯನ್ ಹೆಲ್ಮನ್ 1934ರಲ್ಲಿ ಬರೆದ ನಾಟಕದಲ್ಲಿ ಇಬ್ಬರು ಮಹಿಳಾ ಟೀಚರುಗಳ ಮೇಲೆ ಒಬ್ಬ ಹುಡುಗಿ ಪರಸ್ಪರ ಪ್ರೇಮದ ಅಪವಾದ ಹೊರಿಸುತ್ತಾಳೆ. ವಿಲಿಯಂ ವೈಲರ್ 1936ರಲ್ಲಿ ಅದನ್ನು ‘ದೀಸ್ ತ್ರೀ’ ಅಂತ ಮಾಡಿದಾಗ, ಒಬ್ಬಳ ಭಾವೀ ಗಂಡನ ಜೊತೆ ಇನ್ನೊಬ್ಬಳಿಗೆ ಸಂಬಂಧ ಅಂತ ಕಥೆ ತಿರುಗಿಸಬೇಕಾಯಿತು. ಅದೇ ವೈಲರ್ 1961ರಲ್ಲಿ ‘ದಿ ಚಿಲ್ಡ್ರನ್ಸ್ ಅವರ್’ ಅಂತ ಮೂಲ ಕಥೆಗೇ ವಾಪಸ್ ಬಂದರು. ಮೊದಲನೆಯದರಲ್ಲಿ ಆ ಇಬ್ಬರು ಟೀಚರುಗಳಲ್ಲಿ ಒಬ್ಬಳಾದ ಮಾರ್ಥಾ ಆಗಿದ್ದ ನಟಿ ಮಿರಿಯಂ ಹಾಪ್ಕಿನ್ಸ್ ಎರಡನೆಯದರಲ್ಲಿ ಮಾರ್ಥಾಳ ಸೋದರತ್ತೆ! ಆದರೆ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದ ಮಾರ್ಥಾ ನೇಣು ಹಾಕಿಕೊಳ್ಳುತ್ತಾಳೆ. ‘ರೆಬೆಕ್ಕಾ’ದ ಕೊನೆಯಲ್ಲಿ ಡ್ಯಾನ್ವರ್ಸ್ ಸುಟ್ಟುಹೋದಳು, ಇವಳು ಹೀಗೆ. ಪ್ರತಿ ಸಿನಿಮಾ ಮುಗಿದಾಗ ಯಾರು ಬದುಕಿ ಉಳಿದರು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಪಟ್ಟಿ ನೋಡಿದರೆ ಸಿಟ್ಟು ಬರುತ್ತದೆ, ಬರಲಿ.

ಸಿಟ್ಟು ಇಳಿಯೋಕೆ ಹಾಲಿವುಡ್ ಬಿಟ್ಟು ಜರ್ಮನಿಗೆ ಹೋಗಿ: ‘ಮೇಡ್‌ಶೆನ್ ಇನ್ ಯೂನಿಫಾರ್ಮ್’ (1931), ನಿರ್ದೇಶಕಿ ಲಿಯೊಂಟೀನ್ ಸಾಗನ್. ಹಾಸ್ಟೆಲ್ಲಿನ ಹುಡುಗಿ ಮಾನುವೆಲಾಗೆ ಟೀಚರ್ ಮೇಲೆ ಪ್ರೀತಿ. ಅದನ್ನು ಎಲ್ಲರೆದುರು ಕೂಗಿ ಹೇಳುತ್ತಾಳೆ, ಶಿಕ್ಷೆ ಅನುಭವಿಸುತ್ತಾಳೆ, ಮೆಟ್ಟಿಲ ಮೇಲಿಂದ ಹಾರಲು ಹೋಗುತ್ತಾಳೆ. ಜೊತೆಯ ಹುಡುಗಿಯರು ಓಡಿಬಂದು ಎಳೆದುಕೊಳ್ಳುತ್ತಾರೆ. ಇದೇ ಕಥೆ 1958ರಲ್ಲಿ ಬಣ್ಣದಲ್ಲೂ ಬಂದಿದೆ. ಹುಡುಕುವಾಗ ವರ್ಷ ನೋಡಿಕೊಂಡು ಹಳೆಯದನ್ನೇ ಹಾಕಿ, ಸಬ್‌ಟೈಟಲ್ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ.