ಬಾಡಿಗೆ ಮನೆಗೆ ಇನ್ಶೂರೆನ್ಸ್: ಕ್ಲೇಮ್ ರಿಜೆಕ್ಟ್ ಆದಾಗ ನಾವು ಮಾಡಿದ್ದು

ಮನೆ ಬಾಡಿಗೆಗೆ ಕೊಟ್ಟಿರೋ ಪರಿಚಯದವರು ಪದೇ ಪದೇ ಕೇಳ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ. ನಮ್ಮದು ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಗ್ರೌಂಡ್ ಫ್ಲೋರ್ ಮನೆ, ನಾವಿರೋದು ಬಸವನಗುಡೀಲಿ.

ಓನರ್‌ಗೆ ಅಂತಲೇ ಬೇರೆ ಪಾಲಿಸಿ ಹುಡುಕ್ತಾ ಕೂರಬೇಕಿಲ್ಲ. 2021ರ ಏಪ್ರಿಲ್ 1ರಿಂದ ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸಂಸ್ಥೆ) ತಂದಿರೋ ಭಾರತ್ ಗೃಹ ರಕ್ಷಾ ಅನ್ನೋ ಒಂದೇ ಮಾದರಿ ಪಾಲಿಸಿ ಇದೆ, ಬಾಡಿಗೆದಾರರು ವಾಸ ಇರೋ ಮನೇನೂ ಅದರಲ್ಲಿ ಬರುತ್ತೆ. ಆದ್ರೂ ಪ್ರಪೋಸಲ್ ಫಾರಂನಲ್ಲಿ ಬಾಡಿಗೆಗೆ ಕೊಟ್ಟಿದೀವಿ ಅಂತ ನಾನೇ ಕೂತು ತುಂಬಿಸಿದೆ, ಖಾಲಿ ಫಾರಂಗೆ ಸೈನ್ ಹಾಕಿ ಏಜೆಂಟ್ ಕೈಗೆ ದಯವಿಟ್ಟು ಕೊಡಬೇಡಿ. ಸಮ್ ಇನ್ಶೂರ್ಡ್ (ಎಷ್ಟು ಮೊತ್ತಕ್ಕೆ ಇನ್ಶೂರೆನ್ಸ್ ಅನ್ನೋದು) ಅಂದ್ರೆ ಸೈಟಿನ ರೇಟಲ್ಲ, ಮತ್ತೆ ಕಟ್ಟೋ ಖರ್ಚು ಮಾತ್ರ. ನೂರು ಚದರ ಮೀಟರ್ ಕಾರ್ಪೆಟ್ ಏರಿಯಾ, ಕಟ್ಟೋಕೆ ಚದರ ಮೀಟರಿಗೆ 20,000 ರೂಪಾಯಿ ಅಂದ್ರೆ 20 ಲಕ್ಷ, ಅದರ ಶೇ 20 ಅಂದ್ರೆ 4 ಲಕ್ಷ ಒಳಗಿನ ಸಾಮಾನಿಗೆ ತಾನಾಗೇ ಸೇರುತ್ತೆ, ಹಾಗೆ ಸೇರೋದಕ್ಕೆ 10 ಲಕ್ಷ ಮಿತಿ ಇದೆ.

ಬಾಡಿಗೆ ನಷ್ಟನೂ ಕವರ್ ಇದೆ, ಆದ್ರೆ ಬೆಂಕಿ, ಪ್ರವಾಹ ಇಂಥದ್ದರಿಂದ ಮನೆ ವಾಸಕ್ಕೆ ಆಗದಂಗೆ ಆದ್ರೆ ಮಾತ್ರ. ಬಾಡಿಗೆಯವರು ಬಾಕಿ ಉಳಿಸಿ ಹೊರಟುಹೋದ್ರೆ ಇದರಲ್ಲಿ ಏನೂ ಸಿಗಲ್ಲ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನೆನಪಿರಬೇಕಲ್ಲ, ಬೆಳ್ಳಂದೂರು, ಯಮಲೂರು ಎಲ್ಲಾ ಮುಳುಗಿತ್ತು. ನಮ್ಮ ಮನೆಗೂ ನೀರು ನುಗ್ತು. ನೀರು ಇಳಿದ ಮೇಲೆ ಒಂದು ಗೋಡೆನೂ ತೊಳೆಯೋಕೆ ಬಿಡದೆ ಪ್ರತಿ ರೂಮಲ್ಲೂ ಟೇಪ್ ಹಿಡಿದು ಫೋಟೋ ತೆಗೆದ್ವಿ. ಕಂಪನಿಗೆ ಅವತ್ತೇ ಮೇಲ್ ಹಾಕಿದ್ವಿ, ನಷ್ಟ ಅಂದಾಜು ಮಾಡೋ ಸರ್ವೇಯರ್ ಬಂದು ನೋಡ್ಕೊಂಡು ಹೋದ್ರು, ಆಮೇಲೆ ಬಂದ ಪತ್ರದಲ್ಲಿ ಏನಿತ್ತು ಅಂದ್ರೆ ಇದು ಹಳೇ ಸೀಪೇಜ್ (ಗೋಡೆಗೆ ನಿಧಾನವಾಗಿ ಇಳಿದ ತೇವ), ವೇರ್ ಅಂಡ್ ಟೇರ್ (ಬಳಸಿ ಬಳಸಿ ಆದ ಸವಕಲು), ಕ್ಲೇಮ್ ಬರಲ್ಲ ಅಂತ.

ಫೋನಲ್ಲಿ ಜಗಳ ಆಡೋಕೆ ಹೋಗಲಿಲ್ಲ. ಸರ್ವೇ ರಿಪೋರ್ಟ್ ಕಾಪಿ ಕೊಡಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕಾರ ಅಂತ ಬರೆದು ತಿಳಿಸಿ ಅಂತ ಮೇಲ್ ಮಾಡ್ದೆ. ರಿಪೋರ್ಟ್ ಕೈಗೆ ಬಂದ್ಮೇಲೆ ಉತ್ತರ ಕೊಡೋದು ಸುಲಭ ಆಯ್ತು. ಸೀಪೇಜ್ ಆದ್ರೆ ತೇವ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಇರುತ್ತೆ, ಗಿಲಾವು ಉಬ್ಬಿ ಬಿಳಿ ಉಪ್ಪು ಕೂತಿರುತ್ತೆ. ನಮ್ಮ ಮನೇಲಿ ಹಾಲ್, ಅಡುಗೆಮನೆ, ಎರಡೂ ರೂಮು, ಒಳಗಿನ ಮಧ್ಯದ ಗೋಡೆ ಸಮೇತ ಎಲ್ಲಾ ಕಡೆ ಕೆಸರಿನ ಗೆರೆ ಒಂದೇ ಮಟ್ಟಕ್ಕೆ, ವಾರ್ಡ್‌ರೋಬ್ ಪ್ಲೈವುಡ್ ಸರಿಯಾಗಿ ಆ ಗೆರೆವರೆಗೆ ಮಾತ್ರ ಉಬ್ಬಿತ್ತು, ಮೇಲೆ ಹೊಸದರಂಗೆ ಇತ್ತು. ಇದನ್ನ ಫೋಟೋ ಸಮೇತ ಹಾಕಿ, ಬಾಡಿಗೆಯವರು ತೆಗೆದಿದ್ದ ವಿಡಿಯೋ, ಆ ದಿನದ ಪೇಪರ್ ಕಟಿಂಗ್, ಅವರು ಮನೆ ಸೇರುವಾಗ ತೆಗೆದಿದ್ದ ಒಣ ಗೋಡೆಗಳ ಫೋಟೋ ಎಲ್ಲಾ ಜೋಡಿಸಿದೆ. ಬಾಡಿಗೆ ನಷ್ಟಕ್ಕೆ ಅಗ್ರಿಮೆಂಟು, ಬ್ಯಾಂಕ್ ಸ್ಟೇಟ್‌ಮೆಂಟು, ಮನೆ ವಾಸಕ್ಕೆ ಯೋಗ್ಯ ಇಲ್ಲ ಅಂತ ಆರ್ಕಿಟೆಕ್ಟ್ ಸರ್ಟಿಫಿಕೇಟು.

ಕಂಪನೀಲಿ ದೂರು ನೋಡೋ ಗ್ರೀವೆನ್ಸ್ ಆಫೀಸರ್ ಹಳೇ ಉತ್ತರಾನೇ ಕೊಟ್ರು. ಅಲ್ಲಿಂದ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಕಂಪನಿ ಮೇಲಿನ ದೂರು ಕೇಳಿ ತೀರ್ಮಾನ ಕೊಡೋ ಅಧಿಕಾರಿ) ಹತ್ರ ಹೋದೆ, ಕರ್ನಾಟಕದವರಿಗೆ ಆಫೀಸ್ ಜೆ.ಪಿ. ನಗರದಲ್ಲಿದೆ. ಫೀಸ್ ಇಲ್ಲ, ವಕೀಲರನ್ನ ಇಡೋ ಹಾಗೂ ಇಲ್ಲ, ನಾವೇ ಮಾತಾಡಬೇಕು. ಕಂಪನಿಯ ತಿರಸ್ಕಾರ ಬಂದು ಒಂದು ವರ್ಷದೊಳಗೆ ದೂರು ಕೊಡಬೇಕು, ಅದೇ ವಿಷಯ ಕನ್ಸ್ಯೂಮರ್ ಕೋರ್ಟಲ್ಲಿ ನಡೀತಿದ್ರೆ ಇಲ್ಲಿ ತಗೊಳಲ್ಲ. ಅವರು ಕೊಡಿಸಬಹುದಾದ ಪರಿಹಾರದ ಮಿತಿ ಮೊದಲು 30 ಲಕ್ಷ ಇತ್ತು, 2023ರ ನವೆಂಬರ್‌ನಿಂದ 50 ಲಕ್ಷ. ಆದೇಶ ಬಂದ್ರೆ ಕಂಪನಿ 30 ದಿನದಲ್ಲಿ ಪಾಲಿಸಬೇಕು. ಹಿಯರಿಂಗಲ್ಲಿ ಆ ಗೆರೆ ಫೋಟೋಗಳನ್ನೇ ಹೆಚ್ಚು ಹೊತ್ತು ನೋಡಿದ್ರು. ಗಿಲಾವು, ವೈರಿಂಗ್, ಬಾಡಿಗೆ ನಷ್ಟ ಬಂತು, ವಾರ್ಡ್‌ರೋಬಿಗೆ ಸ್ವಲ್ಪ ಕಮ್ಮಿ ಕೊಟ್ರು.

ನನಗೆ ತುಂಬಾ ಬೇಜಾರಾಗಿದ್ದು ಬಾಡಿಗೆಯವರ ವಿಷಯಕ್ಕೆ. ಅವರ ಫ್ರಿಜ್ಜು, ಹಾಸಿಗೆ, ಮಗೂ ಪುಸ್ತಕ ಎಲ್ಲಾ ಹಾಳಾಯ್ತು, ನಮ್ಮ ಪಾಲಿಸೀಲಿ ಅವರಿಗೆ ಒಂದು ರೂಪಾಯಿ ಬರಲ್ಲ. ಇದೇ ಗೃಹ ರಕ್ಷಾ ಪಾಲಿಸೀನ ಬರೀ ಸಾಮಾನಿಗೆ ಅಂತನೂ ತಗೋಬಹುದು. ಈಗ ಹೊಸಬರು ಬಂದಾಗ ಅಗ್ರಿಮೆಂಟ್ ಮಾಡೋ ದಿನವೇ ಅವರಿಗೆ ಅದನ್ನ ಹೇಳ್ತೀನಿ.