ಹೆಂಡ್ತಿ ಕಡೆಯ ವಿಯೆಟ್ನಾಂ ಬಳಗನ ನೋಡೋಕೆ ಹೋಗಿದ್ದು – ನನ್ನ ಅನುಭವ

ನನ್ನ ಹೆಂಡ್ತಿ ಕಡೆಯವರು ವಿಯೆಟ್ನಾಮಿನವರು. ಅತ್ತೆ 1975ರ ಯುದ್ಧ ಮುಗಿದ್ಮೇಲೆ ದೋಣಿ ಹತ್ತಿ ದೇಶ ಬಿಟ್ಟೋರು, ಮಲೇಷ್ಯಾದ ಪುಲಾವ್ ಬಿಡಾಂಗ್ ನಿರಾಶ್ರಿತರ ಕ್ಯಾಂಪಲ್ಲಿದ್ದು ಆಮೇಲೆ ಅಮೆರಿಕದ ಸ್ಯಾನ್ ಹೊಸೆಗೆ ಬಂದು ಸೇರಿದ್ರು. ಒಡಹುಟ್ಟಿದೋರಲ್ಲಿ ಅರ್ಧ ಜನ ದಕ್ಷಿಣ ವಿಯೆಟ್ನಾಮಿನ ಬೆನ್ ತ್ರೆ ಕಡೆ ಹಳ್ಳಿಲೇ ಉಳ್ಕೊಂಡ್ರು. 1995ರಲ್ಲಿ ಅಮೆರಿಕ-ವಿಯೆಟ್ನಾಂ ಸಂಬಂಧ ಸರಿಹೋದ್ಮೇಲೆ ಹೋಗಬಹುದಿತ್ತು, ಆದ್ರೆ ಮೊದಲು ದುಡ್ಡಿರಲಿಲ್ಲ, ಆಮೇಲೆ ಭಯ, ಆಮೇಲೆ ಮಂಡಿನೋವು. ಹಿಂಗೇ ಮುಂದಕ್ಕೆ ಹೋಗ್ತಾ ಇತ್ತು. ಕೊನೆಗೆ ನಾವೇ ಟಿಕೆಟ್ ಮಾಡಿಸಿ ಕರ್ಕೊಂಡು ಹೊರಟ್ವಿ.

ಟೆಟ್ ಹಬ್ಬಕ್ಕೆ (ಅವರ ಹೊಸ ವರ್ಷ) ಯಾಕೆ ಹೋಗ್ಲಿಲ್ಲ ಅಂತ ಎಲ್ರೂ ಕೇಳ್ತಾರೆ. ಟೆಟ್ ಟೈಮಲ್ಲಿ ಟಿಕೆಟ್ ರೇಟು ಆಕಾಶದಲ್ಲಿರುತ್ತೆ ಅನ್ನೋದು ಒಂದು, ಅದಕ್ಕಿಂತ ಮುಖ್ಯ ಅಂದ್ರೆ ಹಬ್ಬದಲ್ಲಿ ಜನ ಮೊದಲ ದಿನ ಅಪ್ಪನ ಕಡೆ, ಎರಡನೇ ದಿನ ಅಮ್ಮನ ಕಡೆ ಅಂತ ಹಂಚಿಹೋಗ್ತಾರೆ, ಎಲ್ರೂ ಒಂದೇ ಮನೇಲಿ ಸಿಗೋದು ಕಷ್ಟ. ತಿಥಿಗೆ ಹಂಗಲ್ಲ. ಅದಕ್ಕೆ ಅವರು ಝೋ ಅಂತಾರೆ, ನಮ್ಮ ವರ್ಷದ ತಿಥಿನೇ ಅನ್ಕೊಳ್ಳಿ, ಯಾರನ್ನೂ ಕರೆಯೋ ಕೆಲಸವೇ ಇಲ್ಲ, ಮಕ್ಕಳು ಮೊಮ್ಮಕ್ಕಳು ದಾಯಾದಿಗಳು ಎಲ್ಲಾ ತಾವಾಗೇ ಬಂದು ಸೇರ್ತಾರೆ. ಅತ್ತೆ ಅವರ ಅಪ್ಪನ ತಿಥಿ ನೋಡ್ಕೊಂಡೇ ನಾವು ಡೇಟ್ ಫಿಕ್ಸ್ ಮಾಡಿದ್ದು. ಅದೂ ಚಾಂದ್ರಮಾನದ ಲೆಕ್ಕ, ಪ್ರತಿ ವರ್ಷ ತಾರೀಖು ಬದಲಾಗುತ್ತೆ, ಅಧಿಕಮಾಸಾನೂ ಬರುತ್ತೆ, ಹಾಗಾಗಿ ಊರಲ್ಲಿರೋರ ಹತ್ರ ಕನ್ಫರ್ಮ್ ಮಾಡ್ಕೊಂಡೇ ಬುಕ್ ಮಾಡಿ.

ವೀಸಾ ವಿಷಯ ಬೇಗ ಹೇಳ್ತೀನಿ. ನಂದು ಇನ್ನೂ ಭಾರತದ ಪಾಸ್‌ಪೋರ್ಟ್, ಈ-ವೀಸಾ ಸಾಕು. 90 ದಿನದವರೆಗೆ ಸಿಗುತ್ತೆ, ಒಂದು ಸಲ ಒಳಗೆ ಹೋಗೋಕೆ 25 ಡಾಲರ್, ಹಲವು ಸಲಕ್ಕೆ 50. ಸರ್ಕಾರಿ ಸೈಟ್ ಥರಾನೇ ಕಾಣೋ ಏಜೆಂಟ್ ಸೈಟುಗಳು ತುಂಬಾ ಇವೆ, ಅಡ್ರೆಸ್ಸು ಡಾಟ್ ಗವ್ ಡಾಟ್ ವಿಎನ್ ಅಂತ ಮುಗಿಯುತ್ತಾ ನೋಡ್ಕೊಳ್ಳಿ. ನಮ್ಮ ಕಡೆಯವರ ಹೆಸರಲ್ಲಿ ಇನಿಷಿಯಲ್ಲು, ಊರು, ಅಪ್ಪನ ಹೆಸರು ಅಂತ ಗೊಂದಲ ಇರೋದ್ರಿಂದ ಪಾಸ್‌ಪೋರ್ಟಲ್ಲಿ ಹೆಂಗಿದ್ಯೋ ಹಂಗೇ ತುಂಬಬೇಕು. ಅತ್ತೆಗೆ ಸ್ಯಾನ್ ಫ್ರಾನ್ಸಿಸ್ಕೋ ಕಾನ್ಸುಲೇಟಿಂದ 5 ವರ್ಷದ ವೀಸಾ ವಿನಾಯಿತಿ ಮಾಡಿಸಿದ್ವಿ, ಅದು ವಿಯೆಟ್ನಾಂ ಮೂಲದವರಿಗೆ ಸಿಗೋದು, ಗಂಡ-ಹೆಂಡ್ತಿಗೂ ಕೊಡ್ತಾರೆ.

ಹೋಟೆಲಲ್ಲಾದ್ರೆ ಅವರೇ ನೋಡ್ಕೋತಾರೆ, ನೆಂಟರ ಮನೇಲಿ ಉಳ್ಕೊಂಡ್ರೆ ಮಾತ್ರ ಮನೆಯವರು ಪೊಲೀಸ್‌ಗೆ ನಮ್ಮ ವಿವರ ಕೊಟ್ಟು ನೋಂದಣಿ ಮಾಡಿಸಬೇಕು. ಪಾಸ್‌ಪೋರ್ಟ್ ಫೋಟೋನ ಮುಂಚೆನೇ ಝಾಲೋದಲ್ಲಿ ಕಳಿಸಿದ್ವಿ (ಅಲ್ಲಿ ವಾಟ್ಸಾಪ್ ಅಷ್ಟಾಗಿ ಬಳಸಲ್ಲ, ಹೆಚ್ಚಾಗಿ ಝಾಲೋ ಆ್ಯಪ್ಪೇ). ಅತ್ತೆಗೆ ಪೊಲೀಸ್ ಅಂದ ಕೂಡ್ಲೇ ಮುಖ ಸಪ್ಪಗಾಯ್ತು. ಅತ್ತೆಯ ಸೋದರನ ಮಗ ‘ಎರಡು ನಿಮಿಷದ ಕೆಲಸ ಅತ್ತೆ’ ಅಂತ ನಗ್ತಾ ಹೋಗಿ ಮುಗಿಸ್ಕೊಂಡು ಬಂದ.

ದುಡ್ಡಿನ ವಿಷಯ ಹೊರಡೋಕೆ ಮುಂಚೆನೇ ಮನೇಲಿ ಕೂತು ಮಾತಾಡ್ಕೊಳ್ಳಿ, ಇದು ನನ್ನ ಗಟ್ಟಿ ಅಭಿಪ್ರಾಯ. ಹೊರದೇಶದಿಂದ ಬಂದೋರು ಅಂದ್ರೆ ಎಲ್ರಿಗೂ ನಿರೀಕ್ಷೆ ಇದ್ದೇ ಇರುತ್ತೆ, ತಪ್ಪು ಅಂತಲ್ಲ, ನಮ್ಮೂರಲ್ಲೂ ಹಂಗೇ ತಾನೆ. ಅತ್ತೆ ಒಂದು ಪಟ್ಟಿ ಬರೆದ್ರು: ಒಡಹುಟ್ಟಿದೋರಿಗೆಲ್ಲ ಒಂದೇ ಮೊತ್ತ, ಮುಂದಿನ ತಲೆಮಾರಿಗೆ ಅದಕ್ಕಿಂತ ಕಮ್ಮಿ, ಮಕ್ಕಳಿಗೆ ಕೆಂಪು ಕವರ್. ಮನೆ ರಿಪೇರಿಗೆ ಅಂತ ಕಿರಿ ಮಾವನಿಗೆ, ಅಂದ್ರೆ ಅತ್ತೆಯ ತಮ್ಮನಿಗೆ, ಕೊಡೋದನ್ನ ಮಾತ್ರ ಯಾರೂ ಇಲ್ದಾಗ ಕೊಟ್ರು. ದಕ್ಷಿಣದ ಕಡೆ ಸಾಮಾನ್ಯವಾಗಿ ಕಿರಿ ಮಗನೇ ಹಳೇ ಮನೇಲಿದ್ದು ಹಿರಿಯರ ಪೂಜೆ ನಡೆಸ್ಕೊಂಡು ಹೋಗೋದು, ಖರ್ಚೆಲ್ಲ ಅವನ ತಲೆಮೇಲೇ. 5,000 ಡಾಲರಿಗಿಂತ ಜಾಸ್ತಿ ಕ್ಯಾಶ್ ಇದ್ರೆ ಅಲ್ಲಿ ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡ್ಬೇಕು. ಇನ್ನೊಂದು, ಅಲ್ಲಿನ ದುಡ್ಡು ಡಾಂಗ್, ಅದರಲ್ಲಿ 20 ಸಾವಿರದ ನೋಟೂ 5 ಲಕ್ಷದ ನೋಟೂ ಎರಡೂ ನೀಲಿ, ಬೇರೆ ಬೇರೆ ಜೇಬಲ್ಲಿಡಿ. ಸೂಟ್‌ಕೇಸಲ್ಲಿ ವಿಟಮಿನ್ನು, ಚಾಕೊಲೇಟು, ಹಸಿರು ನೋವಿನೆಣ್ಣೆ. ಆ ಎಣ್ಣೆ ಕೊಟ್ಟಾಗ ಮುದುಕಮ್ಮಂದಿರ ಖುಷಿ ನೋಡ್ಬೇಕಿತ್ತು, ಐಫೋನ್ ಕೊಟ್ರೂ ಅಷ್ಟು ನಗ್ತಿರಲಿಲ್ವೇನೋ.

ಹೆಸರು ಹಿಡಿದು ಹಿರಿಯರನ್ನ ಕರೆಯೋ ಹಾಗಿಲ್ಲ, ಹುಟ್ಟಿದ ಕ್ರಮದ ಸಂಖ್ಯೆ ಮೇಲೆ ಕರೀಬೇಕು, ಅದೂ ದಕ್ಷಿಣದ ಕಡೆ ಎಲ್ಲರಿಗಿಂತ ದೊಡ್ಡವರಿಗೇ ಎರಡನೇ ನಂಬರು, ಲೆಕ್ಕ ಅಲ್ಲಿಂದಲೇ ಶುರು. ಹೆಂಡ್ತಿ ಒಂದು ಚಾರ್ಟ್ ಬರೆದುಕೊಟ್ಟಿದ್ಲು, ಫ್ಲೈಟಲ್ಲಿ ಮಗ್ಗಿ ಥರ ಬಾಯಿಪಾಠ ಮಾಡಿದೆ.

ತಿಥಿ ದಿನ ಬೆಳಗಿನ ಜಾವಕ್ಕೇ ಅಡುಗೆಮನೇಲಿ ಹೆಂಗಸರ ಗದ್ದಲ. ಹಿರಿಯರ ಫೋಟೋ ಮುಂದೆ ಎಡೆ ಇಟ್ಟು, ಊದುಬತ್ತಿ ಹಚ್ಚಿ, ಅದು ಉರಿದು ಮುಗಿಯೋವರೆಗೂ ಯಾರೂ ತಿನ್ನೋ ಹಾಗಿಲ್ಲ. ನಾನು ಸಸ್ಯಾಹಾರಿ, ಊಟದ ಚಿಂತೆ ಇತ್ತು, ಆದ್ರೆ ಅಲ್ಲಿ ಹುಣ್ಣಿಮೆ, ಪಾಡ್ಯ ಅಂತ ಎಷ್ಟೋ ಜನ ಮಾಂಸ ಬಿಡ್ತಾರಲ್ಲ, ‘ಚಾಯ್’ (ಸಸ್ಯಾಹಾರ) ಅಂತ ಹೇಳಿದ್ರೆ ಅರ್ಥ ಆಗುತ್ತೆ. ಮೀನಿನ ಸಾಸ್ ಬೇಡ, ಸೋಯಾ ಸಾಸ್ ಹಾಕಿ ಅಂತ ಬೇರೆಯಾಗಿ ಹೇಳ್ಬೇಕು ಅಷ್ಟೇ. ಚಿಕ್ಕತ್ತೆ ಎಳೆ ಹಲಸಿನಕಾಯಿ ಪಲ್ಯ ಮಾಡಿಟ್ಟಿದ್ರು.

ಸಮಾಧಿಗಳು ಮನೆ ಹಿಂದಿನ ತೆಂಗಿನ ತೋಟದಲ್ಲೇ ಇವೆ, ಆ ಕಡೆ ಹಳ್ಳಿಗಳಲ್ಲಿ ಹಂಗೇ. ಅತ್ತೆ ಅಪ್ಪನ ಸಮಾಧಿ ಹತ್ರ ಕೂತು ಅಳ್ತಾರೆ ಅನ್ಕೊಂಡಿದ್ವಿ, ಅವರು ಟೈಲ್ಸ್ ಬಿಟ್ಕೊಂಡಿದೆ ಅಂತ ತಮ್ಮನಿಗೆ ಬೈಯೋಕೆ ಶುರು ಮಾಡಿದ್ರು, ತಮ್ಮನೂ ತಿರುಗಿಸಿ ಬೈದ, ಇಬ್ರೂ ಅಲ್ಲೇ ಗಂಟೆಗಟ್ಲೆ ಮಾತಾಡ್ತಾ ಕೂತ್ರು. ಉತ್ತರದ ಹಾ ಲಾಂಗ್ ಕೊಲ್ಲಿ ಟೂರ್ ಬೇಡ ಅಂತ ಕೈಬಿಟ್ಟಿದ್ದಕ್ಕೆ ಇಷ್ಟು ಟೈಮ್ ಸಿಕ್ತು.

ವಾಪಸ್ ಬರುವಾಗ ಅತ್ತೆ ಬ್ಯಾಗಿಂದ ಮಾವಿನಹಣ್ಣು ತೆಗೆಸೋಕೆ ಸಾಕುಸಾಕಾಯ್ತು, ತಾಜಾ ಹಣ್ಣು ಅಮೆರಿಕ ಕಸ್ಟಮ್ಸಲ್ಲಿ ಬಿಡಲ್ಲ. ಬೆನ್ ತ್ರೆ ತೆಂಗಿನಕಾಯಿ ಮಿಠಾಯಿಗೆ ತೊಂದ್ರೆ ಇಲ್ಲ, ಎಷ್ಟು ಬೇಕಾದ್ರೂ ತನ್ನಿ.